ನಿಘಂಟು ಕುಡಿದ ವೈದ್ಯ

ಹಡಗುಗಳೆಲ್ಲ ಇನ್ನೂ ಗಾಳಿಯನ್ನೇ ನಂಬಿ ಓಡಾಡುತ್ತಿದ್ದ ಕಾಲ. ಚೀನಾ ದೇಶದ ದಕ್ಷಿಣ ಕರಾವಳಿಯಲ್ಲಿ ಕೊಕ್ಕರೆಕೊಲ್ಲಿ ಎಂಬ ಒಂದು ಬಂದರು. ಅಲ್ಲಿ ಫಾಂಗ್ ದೇರೆನ್ ಎಂಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ಮನಸ್ಸೂ ಒಳ್ಳೆಯದು. ಅವನ ಔಷಧದಂಗಡಿಯ ಗೋಡೆಗೆ ನೆಲದಿಂದ ಸೂರಿನವರೆಗೆ ಎಳೆದು ತೆಗೆಯುವ ಪುಟ್ಟ ಪುಟ್ಟ ಮರದ ಖಾನೆಗಳು. ಒಂದೊಂದರಲ್ಲೂ ಒಂದೊಂದು ಬೇರು, ಬೀಜ, ತೊಗಟೆ. ಯಾವ ಖಾನೆಯಲ್ಲಿ ಏನಿದೆ ಎಂದು ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತಿದ್ದ.

ಒಂದು ದಿನ ಮೀನುಗಾರರು ಒಬ್ಬ ಪರದೇಶಿ ನಾವಿಕನನ್ನು ಬಾಗಿಲಿಗೆ ಹೊತ್ತು ತಂದರು. ಇಂಗ್ಲಿಷ್ ಜನದವನು. ಜ್ವರ ಬಂತೆಂದು ಹಡಗಿನವರು ಅವನನ್ನು ದಡದಲ್ಲಿ ಇಳಿಸಿ ಹೊರಟುಹೋಗಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ದೇರೆನ್ ನಾಡಿ ಹಿಡಿದ, ಕಷಾಯ ಕಾಯಿಸಿ ಕುಡಿಸಿದ. ಆ ಮನುಷ್ಯ ವೈದ್ಯನ ತೋಳಂಗಿ ಹಿಡಿದುಕೊಂಡು ಒಂದೇ ಒಂದು ಮಾತು ಹೇಳುತ್ತಿದ್ದ.

"ಹ್ಯಾನಾ. ಹ್ಯಾನಾ."

ದೇರೆನ್ ನೀರು ತಂದು ಕೊಟ್ಟ. ಅಲ್ಲ. ಕಂಬಳಿ ಹೊದಿಸಿದ. ಅದೂ ಅಲ್ಲ. ಗಂಜಿ ತಂದ, ದೀಪ ತಂದ, ಕಿಟಕಿ ತೆರೆದ, ಕಿಟಕಿ ಮುಚ್ಚಿದ. ನಾವಿಕ ಯಾವುದನ್ನೂ ನೋಡಲಿಲ್ಲ. ಹೊತ್ತು ಮುಳುಗುವಾಗ ಇನ್ನೊಮ್ಮೆ "ಹ್ಯಾನಾ" ಎಂದು ಕೂಗಿ ಕಣ್ಣು ಮುಚ್ಚಿದ. ಅವನ ಹೆಸರೇನೆಂದು ಯಾರಿಗೂ ಗೊತ್ತಿರಲಿಲ್ಲ. ಮರಳುದಿಬ್ಬದ ಮೇಲೆ ಹೂತು, ಗುರುತಿಗೆ ಒಂದು ಬರಿಯ ಕಲ್ಲು ನಿಲ್ಲಿಸಿದರು.

ವೈದ್ಯರ ಬಾಗಿಲಲ್ಲಿ ಸಾವು ಹೊಸದೇನಲ್ಲ. ದೇರೆನ್‌ನನ್ನು ಕೊರೆದದ್ದು ಬೇರೆ. 'ಒಬ್ಬ ಮನುಷ್ಯ ನನ್ನ ತೋಳು ಹಿಡಿದು ಏನೋ ಬೇಡಿದ. ಏನು ಬೇಡಿದ ಎಂಬುದೂ ನನಗೆ ತಿಳಿಯಲಿಲ್ಲ' ಎಂಬ ಕೊರಗು. ಊಟಕ್ಕೆ ಕೂತರೆ ಅದೇ, ಔಷಧ ಅರೆಯಲು ಕೂತರೆ ಅದೇ. ಕೊನೆಗೊಂದು ಆಣೆ ಮಾಡಿಕೊಂಡ. ಇನ್ನು ಮುಂದೆ ಈ ಬಾಗಿಲಿಗೆ ಬಂದ ಯಾರೂ ತಮ್ಮ ಮಾತು ತಿಳಿಯದೆ ಸಾಯಬಾರದು.

ಹಡಗುಕಟ್ಟೆಯ ವ್ಯಾಪಾರಿಯೊಬ್ಬನ ಹತ್ತಿರ ಒಂದು ದಪ್ಪ ನಿಘಂಟು ಸಿಕ್ಕಿತು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಚೀನೀ ಅರ್ಥ. ಅಕ್ಷರವಷ್ಟೇ ಬರುತ್ತಿದ್ದ ಆ ವ್ಯಾಪಾರಿಯಿಂದಲೇ ಅದನ್ನು ಕಲಿತು, ಮೊಟ್ಟಮೊದಲು ದೇರೆನ್ ಹುಡುಕಿದ್ದು ಆ ಒಂದು ಪದವನ್ನೇ. ಸುತ್ತಿಗೆಗೆ ಹೇಳುವ ಪದ ಇತ್ತು. ಕೈಗೆ ಹೇಳುವ ಪದ ಇತ್ತು. ಸಂತೋಷಕ್ಕೆ ಹೇಳುವ ಪದವೂ ಇತ್ತು. ಸುತ್ತಿಗೆಗೂ ಸಂತೋಷಕ್ಕೂ ನಡುವೆ ಎಲ್ಲೋ ಇರಬೇಕಿದ್ದ 'ಹ್ಯಾನಾ' ಮಾತ್ರ ಇರಲಿಲ್ಲ.

'ಎಲ್ಲೋ ಅಡಗಿಕೊಂಡಿದೆ' ಅಂದುಕೊಂಡ ದೇರೆನ್. 'ಮೊದಲಿಂದ ಕೊನೆವರೆಗೆ ಬಾಯಿಪಾಠ ಮಾಡಿಬಿಟ್ಟರೆ ತಪ್ಪಿಸಿಕೊಂಡು ಎಲ್ಲಿಗೆ ಹೋದೀತು?'

ಶುರುವಾಯಿತು ನೋಡಿ ಬಾಯಿಪಾಠ. ಆ ದೇಶದಲ್ಲಿ ವಿದ್ಯಾವಂತನನ್ನು ಕಂಡರೆ 'ಅವನ ಹೊಟ್ಟೆಯಲ್ಲಿ ಶಾಯಿ ಇದೆ' ಎನ್ನುವುದು ರೂಢಿ. ಬರೆದ ಕಾಗದವೆಂದರೆ ಅವರಿಗೆ ಬಲು ಗೌರವ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆಯೇ. ಅಕ್ಷರವಿದ್ದ ಚೂರು ಕಾಗದವನ್ನೂ ಬೀದಿಗೆ ಎಸೆಯುವಂತಿಲ್ಲ. ಅದನ್ನು ಸುಡುವುದಕ್ಕೆಂದೇ ಬೀದಿಯ ತಿರುವಿನಲ್ಲಿ ಇಟ್ಟಿಗೆಯ ಪುಟ್ಟ ಗೋಪುರ ಕಟ್ಟಿರುತ್ತಿದ್ದರು. ಇನ್ನು ಕಾಯಿಲೆ ಬಿದ್ದವರು ಮಂತ್ರ ಬರೆದ ಚೀಟಿಯನ್ನು ಸುಟ್ಟು, ಬೂದಿಯನ್ನು ನೀರಿಗೆ ಕದಡಿ ಕುಡಿಯುವುದೂ ಉಂಟು.

ನಮ್ಮ ವೈದ್ಯ ಇವೆಲ್ಲವನ್ನೂ ಸೇರಿಸಿ ತನ್ನದೇ ಒಂದು ಪದ್ಧತಿ ಮಾಡಿಕೊಂಡ. ಒಂದು ಹಾಳೆ ಬಾಯಿಗೆ ಬಂದ ಕೂಡಲೇ ಅದನ್ನು ಹರಿಯುವುದು. ಬೀದಿ ತಿರುವಿನ ಗೋಪುರದಲ್ಲಿ ಭಕ್ತಿಯಿಂದ ಸುಡುವುದು. ಬೂದಿಯನ್ನು ಚಹಾಕ್ಕೆ ಹಾಕಿ ಗಟಗಟ ಕುಡಿಯುವುದು. ಹೊಟ್ಟೆಗೆ ಹೋದ ಪದ ಇನ್ನೆಲ್ಲಿಗೂ ಹೋಗದು ಎಂಬುದು ಅವನ ಲೆಕ್ಕಾಚಾರ. ಪದದ ಜೊತೆಗೆ ಒಂದಿಷ್ಟು ಹೊಟ್ಟೆನೋವೂ ಬರುತ್ತಿತ್ತು. ಅದಕ್ಕೆ ಮದ್ದು ಮನೆಯಲ್ಲೇ ಇತ್ತಲ್ಲ.

ಊರಿನವರಿಗಂತೂ ಇದೊಂದು ಸೋಜಿಗ. ಚಹಾದಂಗಡಿಯಲ್ಲಿ ದಿನವೂ ಅದೇ ಮಾತು. "ವೈದ್ಯರು ಮೊದಲನೇ ಅಕ್ಷರ ಪೂರ್ತಿ ಕುಡಿದು ಮುಗಿಸಿದರಂತೆ!" "ಅಯ್ಯೋ, ಎರಡನೆಯದೂ ಅರ್ಧ ಒಳಗೆ ಹೋಗಿದೆಯಂತೆ!" ನೋಡುನೋಡುತ್ತಿದ್ದಂತೆ ದೇರೆನ್‌ಗೆ 'ಇಂಗ್ಲಿಷ್ ಪಂಡಿತ' ಎಂಬ ಹೆಸರು ಬಿತ್ತು. ಅವನು ಬೇಡವೆನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಹಾಗೆಂದು ಅವನು ಬರಿಯ ಗಿಳಿಪಾಠ ಒಪ್ಪಿಸುವವನಲ್ಲ. ಕಲಿಯುತ್ತ ಹೋದಂತೆ ಅವನಿಗೆ ಕುತೂಹಲ ಕೆರಳಿತು. ತನಗೆ ವೈದ್ಯವಿದ್ಯೆ ಕಲಿಸಿದ ಪಾನ್ ಗುರುಗಳ ಮನೆಗೆ ಓಡಿ ಓಡಿ ಹೋಗುತ್ತಿದ್ದ. ಗುರುಗಳಿಗೆ ವಯಸ್ಸಾಗಿತ್ತು. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಲ್ಲಂಗಡಿ ಬೀಜ ಬಿಡಿಸಿ ತಿನ್ನುವುದು ಅವರ ಕೆಲಸ.

"ಗುರುಗಳೇ, ಈ ಇಂಗ್ಲಿಷ್ ಜನ ಬಹಳ ವಿಚಿತ್ರ" ಎಂದ ಒಂದು ದಿನ. "ನಮ್ಮಲ್ಲಿ ಗಂಡು ದನ, ಹೆಣ್ಣು ದನ, ಎಳೇ ದನ ಅಂದ್ರೆ ಮುಗೀತು. ಇವರು ಒಂದೊಂದಕ್ಕೂ ಸಂಬಂಧವೇ ಇಲ್ಲದ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಆದ್ರೆ ಅಣ್ಣನಿಗೂ ತಮ್ಮನಿಗೂ ಸೇರಿಸಿ ಒಂದೇ ಪದ! ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ಒಂದೇ ಗಂಟು ಕಟ್ಟಿ ಇಟ್ಟುಬಿಟ್ಟಿದ್ದಾರೆ. ದನಗಳನ್ನ ಇಷ್ಟು ಬಿಡಿಸಿ ಹೇಳೋ ಜನ, ನೆಂಟರನ್ನ ಯಾಕೆ ಬಿಡಿಸಿ ಹೇಳಲ್ಲ?"

ಹಸು, ಎತ್ತು, ಹೋರಿ, ಕಡಸು, ಕರು ಎಂದು ದನಗಳನ್ನೂ ಬಿಡಿಸಿ, ನೆಂಟರನ್ನೂ ಬಿಡಿಸಿ ಹೇಳುವ ನಮ್ಮಂಥವರಿಗೆ ಈ ಎರಡೂ ಕಡೆಯ ಕಷ್ಟ ಅರ್ಥವಾದೀತು. ಗುರುಗಳು ಮಾತ್ರ ಬೀಜದ ಸಿಪ್ಪೆ ಉಗಿದು ಕೇಳಿದರು:

"ಯಾಕಂತೆ?"

"ನಿಘಂಟಿನಲ್ಲಿ ಬರೆದಿಲ್ಲ."

"ಹಾಗಾದ್ರೆ ಅವರನ್ನೇ ಕೇಳು."

ದೇರೆನ್‌ನ ಮುಖ ಹುಳ್ಳಗಾಯಿತು. ಏಕೆಂದರೆ ಕೇಳುವುದಕ್ಕೆ ಜನ ಇಲ್ಲವೆಂದಲ್ಲ, ಕೂಗಳತೆಯಲ್ಲೇ ಇದ್ದರು.

ಬಂದರಿನ ಮೂಲೆಯ ಬಂಡೆಯ ಮೇಲೆ ಹೊಸದಾಗಿ ಒಂದು ದೀಪಸ್ತಂಭ ಎದ್ದಿತ್ತು. ಅದನ್ನು ನೋಡಿಕೊಳ್ಳಲು ಬಂದ ಇಂಗ್ಲಿಷಿನವನ ಹೆಂಡತಿ ಆಗ್ನೆಸ್. ಅವರಿಗೆ ಆರೇಳು ವರ್ಷದ ಒಬ್ಬಳೇ ಮಗಳು. ಆಗ್ನೆಸ್ ದಿನವೂ ಮಗಳ ಕೈ ಹಿಡಿದುಕೊಂಡು ಮೀನುಪೇಟೆಗೆ ಬರುತ್ತಿದ್ದಳು. ಬಂದವಳೇ ಒಂದೊಂದು ಬುಟ್ಟಿಗೂ ಬೆರಳು ತೋರಿಸಿ ಚೀನೀ ಮಾತಿನಲ್ಲಿ "ಇದೇನು? ಇದೇನು?" ಎಂದು ಕೇಳುವುದು. ಅವಳಿಗೆ ಮೊದಲು ಬಂದ ಚೀನೀ ಮಾತು ಅದೊಂದೇ. ಮೀಸೆ ಚಿಗುರದ ಮೀನುಗಾರನೊಬ್ಬನನ್ನು "ಅಜ್ಜಾ" ಎಂದು ಕರೆದು ಏಡಿಯ ಬೆಲೆ ಕೇಳಿದಾಗ ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ಯಾಕೆ ನಗುತ್ತಿದ್ದಾರೆ ಎಂದೂ ಕೇಳಿ ತಿಳಿದುಕೊಂಡು, ಮತ್ತೊಮ್ಮೆ ನಕ್ಕಳು. ವರ್ಷ ಕಳೆಯುವುದರೊಳಗೆ ಚೌಕಾಸಿ ಮಾಡುವಷ್ಟು ಮಾತು ಕಲಿತಳು. ಪೇಟೆಯವರು ಅವಳನ್ನು 'ದೀಪದಮನೆ ಅಕ್ಕ' ಎಂದು ಕರೆಯತೊಡಗಿದರು.

ದೇರೆನ್ ಇದನ್ನೆಲ್ಲ ತನ್ನ ಅಂಗಡಿಯ ಕಟ್ಟೆಯಿಂದ ನೋಡುತ್ತಿದ್ದ. 'ಪಾಪ, ನಾಲ್ಕು ಜನರೆದುರು ನಗೆಪಾಟಲಾಗುತ್ತಾಳಲ್ಲ' ಎಂದು ಮರುಗುತ್ತಿದ್ದ. ಅವಳು ಅಂಗಡಿಯ ಕಡೆ ಹೆಜ್ಜೆ ಹಾಕಿದರೆ ಮಾತ್ರ ಏನೋ ಮರೆತವನಂತೆ ಒಳಗೆ ಸರಿದುಬಿಡುತ್ತಿದ್ದ. ಎರಡು ಹೆಜ್ಜೆ ಮುಂದೆ ಹೋಗಿ "ಹ್ಯಾನಾ ಅಂದರೇನು?" ಎಂದು ಕೇಳಿದ್ದರೆ ಸಾಕಿತ್ತು. ಆದರೆ ಹೇಗೆ ಕೇಳುವುದು? ಊರಿಗೆಲ್ಲ ಇಂಗ್ಲಿಷ್ ಪಂಡಿತ! ಒಂದು ಪದಕ್ಕೆ ಬಾಯಿ ತೆರೆದು, ಆ ಬಾಯಿ ತಪ್ಪಿ, ಪೇಟೆಯವರು ನಕ್ಕರೆ? ಆ ಜನಕ್ಕೆ ಮುಖ ಕಳೆದುಕೊಳ್ಳುವುದೆಂದರೆ, ಮರ್ಯಾದೆ ಹೋಗುವುದೆಂದರೆ, ತಲೆ ಕಳೆದುಕೊಂಡದ್ದಕ್ಕಿಂತ ಹೆಚ್ಚು. 'ಮೊದಲು ಪುಸ್ತಕ ಮುಗಿಯಲಿ. ಆಮೇಲೆ ಒಂದೇ ಸಲ, ತಪ್ಪಿಲ್ಲದೆ ಮಾತಾಡುತ್ತೇನೆ' ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಈಜು ಕಲಿತ ಮೇಲೆಯೇ ನೀರಿಗಿಳಿಯುತ್ತೇನೆ ಅಂದವನ ಹಾಗೆ.

ಗುರುಗಳಿಗೆ ಶಿಷ್ಯನ ರೋಗ ತಿಳಿಯಿತು. ಒಂದು ಬೆಳಿಗ್ಗೆ ಕರೆಸಿಕೊಂಡು ಹೇಳಿದರು:

"ನಿನಗೊಂದು ಪರೀಕ್ಷೆ ಕೊಡ್ತೀನಿ, ದೇರೆನ್. ಇವತ್ತು ಹೋಗಿ ದೀಪದಮನೆಯವರ ಹತ್ತಿರ ಒಂದು ತಪ್ಪು ಇಂಗ್ಲಿಷ್ ಮಾತಾಡಿ ಬಾ."

"ತಪ್ಪು ಮಾತೇ, ಗುರುಗಳೇ? ಸರಿಯಾದದ್ದೇ ಆಡ್ತೀನಲ್ಲ!"

"ಸರಿಯಾದ್ದು ಬೇಡ. ತಪ್ಪಾಗಿರಬೇಕು. ಒಂದೇ ಒಂದು ಸಾಕು."

ದೇರೆನ್ ಬಂಡೆಯ ದಾರಿ ಹಿಡಿದ. ದಾರಿಯುದ್ದಕ್ಕೂ ತುಂಗ್ ಮರಗಳು. ದೋಣಿಗೆ ಬಳಿಯುವ ಎಣ್ಣೆ ತೆಗೆಯುವುದು ಆ ಮರದ ಕಾಯಿಯ ಬೀಜದಿಂದ. ದೀಪಸ್ತಂಭದ ಬೇಲಿಯವರೆಗೆ ಹೋದ. ಆಗ್ನೆಸ್ ಬಟ್ಟೆ ಒಣಹಾಕುತ್ತಿದ್ದಳು. ಮಗಳು ಮರದ ಕೆಳಗೆ ಏನೋ ಆರಿಸಿಕೊಂಡು ಆಡುತ್ತಿದ್ದಳು. ದೇರೆನ್‌ನ ಹೊಟ್ಟೆಯೊಳಗಿನ ಪದಗಳೆಲ್ಲ ಸಂತೆಗೆ ಸೇರಿದವರಂತೆ ಗದ್ದಲ ಹಾಕಿದವು. ಬಾಯಿಗೆ ಒಂದೂ ಬರಲಿಲ್ಲ. ಬೇಲಿ ಮುಟ್ಟಿದ, ಗಂಟಲು ಸರಿಮಾಡಿಕೊಂಡ, ಹಿಂದಿರುಗಿ ಬಂದ.

"ಅವರು ಮನೆಯಲ್ಲಿ ಇರಲಿಲ್ಲ, ಗುರುಗಳೇ" ಎಂದು ಸುಳ್ಳು ಹೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು. "ರೋಗಿಯನ್ನ ನೋಡೋದು, ಉಸಿರನ್ನ ಆಲಿಸೋದು, ನಾಡಿ ಹಿಡಿಯೋದು. ಈ ಮೂರು ನಿನಗೆ ಚೆನ್ನಾಗಿ ಬಂತು. ನಾಲ್ಕನೆಯದು ವಿಚಾರಿಸೋದು. ಅದು ನಿನಗೆ ಬರಲೇ ಇಲ್ಲ ನೋಡು."

"ದಿನಾ ವಿಚಾರಿಸ್ತೀನಲ್ಲ, ಗುರುಗಳೇ? ಎಲ್ಲಿ ನೋವು, ಎಷ್ಟು ದಿನದಿಂದ ನೋವು ಅಂತ ಎಲ್ಲಾನೂ..."

"ಅದು ವೈದ್ಯ ರೋಗಿಯನ್ನ ವಿಚಾರಿಸೋದು. ಅಲ್ಲಿ ನೀನು ಮೇಲೆ ಕೂತಿರ್ತೀಯ. ನನಗೆ ಗೊತ್ತಿಲ್ಲ ಅಂತ ಕೆಳಗೆ ಕೂತು ವಿಚಾರಿಸೋದು ಬೇರೆ" ಎಂದು ಗುರುಗಳು ಮತ್ತೆ ಬೀಜ ಬಿಡಿಸತೊಡಗಿದರು. ದೇರೆನ್ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಸಿಟ್ಟಿಗೆ ಇನ್ನೊಂದು ಹಾಳೆ ಹೆಚ್ಚಿಗೆ ಕುಡಿದ.

ಹೀಗೆ ಅರ್ಧ ಪುಸ್ತಕ ಹೊಟ್ಟೆ ಸೇರಿರಬೇಕು. ಒಂದು ಮಧ್ಯಾಹ್ನ ಗಾಳಿ ಜೋರಾಗಿ ಬೀಸುತ್ತಿತ್ತು. ಆಗ್ನೆಸ್ ಮಗಳನ್ನು ಎತ್ತಿಕೊಂಡು ಓಡುತ್ತ ಅಂಗಡಿಗೆ ಬಂದಳು. ಗಂಡ ದೀಪದ ಎಣ್ಣೆ ತರಲು ಬೇರೆ ಬಂದರಿಗೆ ಹೋಗಿದ್ದ. ಮೀನುಪೇಟೆಯವರು ಕೆಲವರು ಗಾಬರಿಯಿಂದ ಅವಳ ಹಿಂದೆಯೇ ಬಂದು ಬಾಗಿಲಲ್ಲಿ ಗುಂಪುಗೂಡಿದರು. ಮಗು ವಾಂತಿ ಮಾಡುತ್ತಿತ್ತು, ಹೊಟ್ಟೆ ಹಿಡಿದುಕೊಂಡು ಮುದುರಿಕೊಳ್ಳುತ್ತಿತ್ತು. ಕೈಕಾಲು ತಣ್ಣಗೆ.

ಆಗ್ನೆಸ್ ಒಂದೇ ಉಸಿರಿಗೆ ಏನೇನೋ ಹೇಳಿದಳು. ಗಾಬರಿಗೆ ಅವಳ ಪೇಟೆಯ ಚೀನೀ ಮಾತೆಲ್ಲ ಹಾರಿಹೋಗಿ ಬರಿಯ ಇಂಗ್ಲಿಷ್ ಉಳಿದಿತ್ತು. ದೇರೆನ್ ನಾಡಿ ಹಿಡಿದ. ಏನೋ ವಿಷದ್ದು ಹೊಟ್ಟೆ ಸೇರಿದೆ ಎಂದು ತಕ್ಷಣ ತಿಳಿಯಿತು. ಆದರೆ ಯಾವುದು? ಅಣಬೆಯಾದರೆ ಒಂದು ಮದ್ದು, ಕಾಡುಬೇರಾದರೆ ಇನ್ನೊಂದು, ಕೊಳೆತ ಏಡಿಯಾದರೆ ಮತ್ತೊಂದು. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಟ್ಟರೆ ಮದ್ದೇ ಮಗುವನ್ನು ಮುಗಿಸುತ್ತದೆ. ಏನು ತಿಂದಳು ಎಂಬುದೊಂದು ತಿಳಿಯಬೇಕು. ಅದನ್ನು ಕೇಳಬೇಕು.

ಬಾಯಿಗೆ ಕಡುಬು ತುರುಕಿದ ಹಾಗೆ ನಿಂತುಬಿಟ್ಟ ಪಂಡಿತ.

ನಿಘಂಟಿನ ಕಡೆ ಕೈ ಹೋಯಿತು. ಹೊಟ್ಟೆಗೆ ಹೇಳುವ ಪದವಿದ್ದ ಹಾಳೆ ಬೂದಿಯಾಗಿತ್ತು. ತಿನ್ನುವುದಕ್ಕೆ ಹೇಳುವ ಪದವಿದ್ದ ಹಾಳೆಯೂ ಬೂದಿಯಾಗಿತ್ತು. ಏನು, ಎಲ್ಲಿ, ಯಾವಾಗ, ಯಾರು, ಯಾಕೆ ಎಂಬ ಕೇಳುವ ಪದಗಳನ್ನಂತೂ ಅವನು ಕಲಿತೇ ಇರಲಿಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಅವೆಲ್ಲ ಕಟ್ಟಕಡೆಗೆ ಒಂದೇ ಅಕ್ಷರದ ಕೆಳಗೆ ಗುಂಪಾಗಿ ಕೂತಿರುತ್ತವೆ. ಮೊದಲಿನಿಂದ ಹೊರಟವನಿಗೆ ಉತ್ತರಗಳೆಲ್ಲ ಸಿಕ್ಕಿ, ಪ್ರಶ್ನೆಗಳು ಕೊನೆಗೆ ಸಿಗುತ್ತವೆ.

"ಟಿಲ್ಲಿ! ಟಿಲ್ಲಿ!" ಎಂದು ಆಗ್ನೆಸ್ ಮಗುವಿನ ಕೆನ್ನೆ ತಟ್ಟಿ ಕೂಗಿದಳು.

ಆ ದನಿ ಕೇಳಿ ದೇರೆನ್ ತಲೆಯೆತ್ತಿ ನೋಡಿದ. ಆ ನಾವಿಕನದೂ ಇದೇ ದನಿ. ಪದ ಬೇರೆ, ದನಿ ಮಾತ್ರ ಅದೇ. ಇನ್ನೊಬ್ಬರು ತನ್ನ ಬಾಗಿಲಲ್ಲಿ ಹಾಗೆಯೇ ಕೂಗಿ ಕೂಗಿ ಸುಮ್ಮನಾಗುವುದನ್ನು ನೋಡಬೇಕೇ? ಅವನು ನೆಲಕ್ಕೆ ಮಂಡಿಯೂರಿ ಕೂತ. ಕಣ್ಣು ಮುಚ್ಚಿ, ಹೊಟ್ಟೆಯೊಳಗಿದ್ದ ಪದಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದು ಹೊರಗೆ ಹಾಕಿದ. 'ಮಗು ಏನು ತಿಂದಿತು' ಎಂದು ಅವನು ಕೇಳಬೇಕಿತ್ತು. ಇಂಗ್ಲಿಷಿನಲ್ಲಿ ಬಾಯಿಂದ ಬಂದದ್ದು "ನಾನು ತಿನ್ನು ಮಗು" ಎಂದು.

ಟಿಲ್ಲಿ ಅಷ್ಟು ನೋವಿನಲ್ಲೂ ಕಿಟಾರನೆ ಕಿರುಚಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು.

ಬಾಗಿಲಲ್ಲಿದ್ದವರಿಗೆ ಮಾತು ತಿಳಿಯದಿದ್ದರೂ ಮಗು ಕಿರುಚಿದ್ದು ತಿಳಿಯಿತು. "ಪಂಡಿತರು ಎಂಥ ಇಂಗ್ಲಿಷ್ ಮಾತಾಡಿದರಪ್ಪಾ, ಮಗು ಹೆದರಿಹೋಯಿತು!" ಎಂದು ಒಬ್ಬ ಕಿಸಕ್ಕೆಂದ. ದೇರೆನ್‌ನ ಕಿವಿ ಕೆಂಪಾಯಿತು. ಆದರೆ ಒಮ್ಮೆ ಮುಖ ಹೋದ ಮೇಲೆ ಇನ್ನೇನು ಹೋಗುವುದಿದೆ? ಅವನು ಎದ್ದು ಗೋಡೆಯ ಖಾನೆಯೊಂದನ್ನು ಎಳೆದ. ಒಣಗಿದ ಎಲಚಿ ಹಣ್ಣು ತೆಗೆದು ಮಗುವಿನ ಕಣ್ಣೆದುರು ಹಿಡಿದು, ಬಾಯಿಯ ಹತ್ತಿರ ಕೈ ತಂದು, "ತಿನ್ನು?" ಎಂದ.

ಆಗ್ನೆಸ್‌ಗೆ ಥಟ್ಟನೆ ಹೊಳೆಯಿತು. ಮೀನುಪೇಟೆಯಲ್ಲಿ ತಾನು ದಿನವೂ ಮಾಡುವುದು ಇದನ್ನೇ ಅಲ್ಲವೇ! ಮಗಳ ಕಿವಿಯಲ್ಲಿ ಏನೋ ಹೇಳಿದಳು. ಟಿಲ್ಲಿ ಹೆದರುತ್ತಲೇ ಒಂದು ಕಣ್ಣು ತೆರೆದು ನೋಡಿ ತಲೆಯಾಡಿಸಿದಳು. ಅಲ್ಲ.

ಆಕ್ರೋಟು. ಅಲ್ಲ. ತಾವರೆ ಬೀಜ. ಅಲ್ಲ. ಒಣ ಅಣಬೆ. ಅಲ್ಲ. ಖಾನೆಗಳು ಒಂದರ ಮೇಲೊಂದು ತೆರೆದುಕೊಂಡವು. ಇಷ್ಟು ಕಾಲ ಕಾಗದದ ಮೇಲೆ ಹುಡುಕಿದವನು ಈಗ ತನ್ನ ಗೋಡೆಯನ್ನೇ ಹಾಳೆ ಹಾಳೆಯಾಗಿ ತಿರುವುತ್ತಿದ್ದ. ಬಾಗಿಲಲ್ಲಿ ಕಿಸಕ್ಕೆಂದವನೂ ಒಳಗೆ ಬಂದು ಮೇಲಿನ ಖಾನೆಗಳನ್ನು ಇಳಿಸಿ ಕೊಡತೊಡಗಿದ.

ಚಳಿಗಾಲದಲ್ಲಿ ಬೀದಿಯಲ್ಲಿ ಹುರಿದು ಮಾರುವ ಕಂದು ಬಣ್ಣದ ಚೆಸ್ಟ್‌ನಟ್ ಬೀಜವನ್ನು ತೋರಿಸಿದಾಗ ಟಿಲ್ಲಿ ಹೂಂ ಎಂದು ತಲೆದೂಗಿದಳು. ಮರುಕ್ಷಣ ಅಲ್ಲ ಎಂದು ಆಡಿಸಿದಳು. ದೇರೆನ್ ಆ ಬೀಜವನ್ನೇ ನೋಡುತ್ತ ನಿಂತ. ಇದರ ಹಾಗೆ ಇರುವುದು, ಆದರೆ ಇದಲ್ಲ. ಬಂಡೆಯ ದಾರಿ ನೆನಪಾಯಿತು. ಮರದ ಕೆಳಗೆ ಏನೋ ಆರಿಸಿಕೊಂಡು ಆಡುತ್ತಿದ್ದ ಮಗು ನೆನಪಾಯಿತು. ಕೆಳಗಿನ ಖಾನೆಯಿಂದ ತುಂಗ್ ಬೀಜ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

ಟಿಲ್ಲಿ ಅದನ್ನು ನೋಡಿ, ಬೈಸಿಕೊಳ್ಳುವ ಮಕ್ಕಳ ಹಾಗೆ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು.

"ಇದೇನು?" ಎಂದಳು ಆಗ್ನೆಸ್ ಚೀನೀ ಮಾತಿನಲ್ಲಿ. ಹಾರಿಹೋಗಿದ್ದ ಮಾತು ಮರಳಿ ಬಂದಿತ್ತು.

"ವಿಷ, ಅಕ್ಕ. ಆದ್ರೆ ಮದ್ದಿದೆ. ಹೆದರಬೇಡಿ" ಎಂದ ದೇರೆನ್.

ಹೆಸರುಕಾಳು ಮತ್ತು ಜ್ಯೇಷ್ಠಮಧು ಸೇರಿಸಿ ಕಷಾಯ ಕುದಿಸಿದ. ಗುಟುಕು ಗುಟುಕಾಗಿ ಕುಡಿಸಿದ. ನಡುನಡುವೆ ಗಂಜಿ ತಿಳಿ. ಪೇಟೆಯವರು ಒಲೆಗೆ ಸೌದೆ ಒಟ್ಟಿದರು, ನೀರು ತಂದರು. ದೀಪ ಹಚ್ಚುವ ಹೊತ್ತಿಗೆ ಟಿಲ್ಲಿಯ ಕೈ ಬೆಚ್ಚಗಾಯಿತು. ಹೊಟ್ಟೆಯ ನುಲಿತ ನಿಂತು ಮಗು ನಿದ್ದೆಗೆ ಜಾರಿತು. ದೇರೆನ್ ಗೋಡೆಗೊರಗಿ ಕೂತು ದೊಡ್ಡದೊಂದು ಉಸಿರು ಬಿಟ್ಟ. ಅವನಿಗಾದ ಸಂತೋಷಕ್ಕೆ ಪದ ಅವನ ಹೊಟ್ಟೆಯಲ್ಲೇ ಇತ್ತು, ಸುತ್ತಿಗೆಯ ನಂತರ ಬರುವಂಥದ್ದು. ಅದು ಈಗ ನೆನಪಿಗೆ ಬರಲಿಲ್ಲ, ಬೇಕೂ ಆಗಲಿಲ್ಲ.

ಪೇಟೆಯವರು ಹೊರಟುಹೋದರು. ಆಗ್ನೆಸ್ ಮಗುವಿನ ಪಕ್ಕ ಕೂತಿದ್ದಳು. ದೇರೆನ್ ಮಗುವಿನ ಕಡೆ ಬೆರಳು ತೋರಿಸಿ ಮೆಲ್ಲಗೆ ಕೇಳಿದ:

"ಟಿಲ್ಲಿ?"

"ಟಿಲ್ಲಿ" ಎಂದು ಅವಳು ಮಗಳ ಕೂದಲು ನೇವರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು "ಆಗ್ನೆಸ್" ಎಂದಳು.

ದೇರೆನ್ ಅವಳ ಹತ್ತಿರಕ್ಕೆ ಸರಿದು ಕೂತ. ಇಷ್ಟು ಕಾಲ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದ ಮಾತನ್ನು ಕೊನೆಗೂ ಹೊರಗೆ ತೆಗೆದ.

"ಹ್ಯಾನಾ?"

ಆಗ್ನೆಸ್ ತಟ್ಟನೆ ತಿರುಗಿ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಹುಬ್ಬೇರಿಸಿ ದೇರೆನ್‌ನ ಕಡೆ ತಿರುಗಿದಳು. "ಯಾರು? ಎಲ್ಲಿ? ಬಂದಿದ್ದಾಳಾ?" ಎಂದು ಚೀನೀ ಮಾತಿನಲ್ಲಿ ಕೇಳಿದಳು.

ದೇರೆನ್ ಅವಳು ನೋಡಿದ ಬಾಗಿಲನ್ನೇ ನೋಡಿದ. ವಸ್ತುವಿನ ಹೆಸರು ಹೇಳಿದರೆ ಜನ ಸುತ್ತಮುತ್ತ ಹುಡುಕುತ್ತಾರೆ. ಬಾಗಿಲ ಕಡೆ ನೋಡುವುದು ಬರುವ ಮನುಷ್ಯರಿಗಾಗಿ. ಹ್ಯಾನಾ ಒಬ್ಬ ಹೆಂಗಸು.

ಇಷ್ಟು ಸಣ್ಣ ವಿಷಯ ಅವನಿಗೆ ಯಾಕೆ ಹೊಳೆಯಲಿಲ್ಲ ಎನ್ನುತ್ತೀರಾ? ಅವನ ದೇಶದ ರೀತಿಯೇ ಹಾಗೆ, ಒಂದು ಕಾಲಕ್ಕೆ ನಮ್ಮದೂ ಹಾಗೆಯೇ ಇತ್ತು. ಮನೆಯವರನ್ನು ಹೆಸರು ಹಿಡಿದು ಕೂಗುವುದಿಲ್ಲ. ಹಿರಿಯರ ಹೆಸರನ್ನಂತೂ ಬಾಯಲ್ಲಿ ಎತ್ತುವಂತೆಯೇ ಇಲ್ಲ. ದೇರೆನ್‌ಗೆ ತನ್ನ ತಾಯಿಯ ಹೆಸರು ಗೊತ್ತಾದದ್ದು ಅವಳ ಸಮಾಧಿಯ ಕಲ್ಲಿನ ಮೇಲೆ ಓದಿದಾಗ. ಅವನು ಕಂಡಂತೆ ಸಾಯುವವರು ಅಮ್ಮಾ ಎನ್ನುತ್ತಿದ್ದರು, ಅಕ್ಕಾ ಎನ್ನುತ್ತಿದ್ದರು, ಮಗನ ಅಮ್ಮನನ್ನು ಕರೆಯಿರಿ ಎನ್ನುತ್ತಿದ್ದರು. ಕೊನೆಯುಸಿರಿನಲ್ಲಿ ಬರಿಯ ಹೆಸರೊಂದನ್ನು ಕೂಗುವ ಜನವೂ ಇದ್ದಾರೆ ಎಂದು ಅವನಿಗೆ ಯಾರು ಹೇಳಬೇಕು? ಅವನು ಯಾರನ್ನೂ ಕೇಳಿರಲಿಲ್ಲವಲ್ಲ. ಒಬ್ಬ ಹೆಂಗಸನ್ನು ಸುತ್ತಿಗೆಗೂ ಸಂತೋಷಕ್ಕೂ ನಡುವೆ ಹುಡುಕಿದ್ದ. ಸಿಗಲಿಲ್ಲವೆಂದು ಪುಸ್ತಕವನ್ನೇ ಸುಟ್ಟು ಕುಡಿದಿದ್ದ.

ಅವನು ಅತ್ತ. ಅಳುತ್ತಲೇ ಅರ್ಧ ಚೀನೀ ಮಾತು, ಅರ್ಧ ತಪ್ಪು ಇಂಗ್ಲಿಷು, ಉಳಿದದ್ದು ಕೈಸನ್ನೆ ಮಾಡಿ ಆ ನಾವಿಕನ ಕಥೆ ಹೇಳಿದ. ಜ್ವರ, ಹಡಗು, ತೋಳಂಗಿ, ಹ್ಯಾನಾ. ಆಗ್ನೆಸ್‌ಗೆ ಎಲ್ಲವೂ ತಿಳಿಯಿತು. ಅವಳ ಕಣ್ಣೂ ತುಂಬಿತು.

"ತಾಯಿಯೋ, ಹೆಂಡತಿಯೋ, ಮಗಳೋ?" ಎಂದು ದೇರೆನ್ ಕೇಳಿದ.

ಬರಿಯ ಹೆಸರಿನಿಂದ ಅದು ತಿಳಿಯುವುದಿಲ್ಲ. ಆಗ್ನೆಸ್ ತಲೆಯಾಡಿಸಿ "ಗೊತ್ತಿಲ್ಲ" ಎಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೆ ಎಂದು ದೇರೆನ್ ಅವಳಿಂದಲೇ ಕೇಳಿ ಕಲಿತ. ಅವನು ಇನ್ನೊಬ್ಬರ ಬಾಯಿಂದ ಕಲಿತ ಮೊದಲ ಇಂಗ್ಲಿಷ್ ಮಾತು ಅದು. ಸುಡಲಿಲ್ಲ, ಕುಡಿಯಲಿಲ್ಲ, ಆದರೂ ಸಾಯುವವರೆಗೆ ಮರೆಯಲಿಲ್ಲ.

ಮರುದಿನ ಗುರುಗಳ ಮನೆಗೆ ಹೋಗಿ ಕೆಳಗೆ ಕೂತ.

"ತಪ್ಪು ಮಾತಾಡಿ ಬಂದೆ, ಗುರುಗಳೇ."

"ಎಷ್ಟು?"

"ಲೆಕ್ಕ ಇಡಲಿಲ್ಲ."

ಗುರುಗಳು ನಕ್ಕು ಕಲ್ಲಂಗಡಿ ಬೀಜದ ತಟ್ಟೆಯನ್ನು ಅವನ ಕಡೆ ತಳ್ಳಿದರು. "ಮತ್ತೆ ಆ ದನದ ವಿಚಾರ ಕೇಳಿದೆಯಾ?"

"ಕೇಳಿದೆ. ಅವಳಿಗೂ ಗೊತ್ತಿಲ್ಲವಂತೆ. ಅಣ್ಣನಿಗೂ ತಮ್ಮನಿಗೂ ನೀವು ಬೇರೆ ಬೇರೆ ಪದ ಯಾಕೆ ಇಟ್ಟಿದ್ದೀರಿ ಅಂತ ನನ್ನನ್ನೇ ತಿರುಗಿ ಕೇಳಿದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ನಕ್ಕೆವು."

ಆಮೇಲೆ ದೇರೆನ್ ಕಲ್ಲುಕುಟಿಗನನ್ನು ಕರೆದುಕೊಂಡು ಮರಳುದಿಬ್ಬಕ್ಕೆ ಹೋದ. ಆ ಬರಿಯ ಕಲ್ಲಿನ ಮೇಲೆ ಚೀನೀ ಲಿಪಿಯಲ್ಲಿ ಒಂದು ಸಾಲು ಕೆತ್ತಿಸಿದ. ಅದರ ಕೆಳಗೆ ಆಗ್ನೆಸ್ ಬರೆದುಕೊಟ್ಟಂತೆ ಇಂಗ್ಲಿಷಿನಲ್ಲೂ ಕೆತ್ತಿಸಿದ. ಸತ್ತವನ ಹೆಸರು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ತಿಳಿದದ್ದನ್ನೇ ಬರೆಸಿದ:

'ಹ್ಯಾನಾಳಿಗೆ ಸೇರಿದವನು ಇಲ್ಲಿ ಮಲಗಿದ್ದಾನೆ.'

ಉಳಿದ ಅರ್ಧ ನಿಘಂಟನ್ನು ಅವನು ಸುಡಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಇಟ್ಟುಕೊಂಡ. ಪರದೇಶದ ನಾವಿಕರು ಯಾರು ಬಂದರೂ ಪಕ್ಕದಲ್ಲಿ ಕೂರಿಸಿಕೊಂಡು, ಅದರಲ್ಲಿ ಇಲ್ಲದ್ದನ್ನು ಮೊದಲು ಕೇಳುತ್ತಿದ್ದ. "ನಿನ್ನ ಹೆಸರೇನಪ್ಪಾ? ಮನೆಯಲ್ಲಿ ಯಾರಿದ್ದಾರೆ? ಅವರ ಹೆಸರೇನು?"

ನೀತಿ: ತಪ್ಪಾದೀತೆಂದು ಬಾಯಿ ಮುಚ್ಚಿಕೊಂಡು ಕಲಿತ ನುಡಿ ಪುಸ್ತಕದ ಬದನೆಕಾಯಿ. ಗೊತ್ತಿಲ್ಲ ಎಂದು ಒಪ್ಪಿಕೊಂಡು, ನಕ್ಕರೂ ನಗಲಿ ಎಂದು ಕೇಳಿ ಕಲಿಯಬೇಕು. ಪದಗಳು ಪುಸ್ತಕದಲ್ಲಿ ಸಿಗುತ್ತವೆ, ಮನುಷ್ಯರು ಸಿಗುವುದು ಕೇಳಿದವರಿಗೆ ಮಾತ್ರ.